ಬರೀ ಡೊಮೇನ್ ಹೊಡೆದರೆ ಸೈಟ್ ಯಾಕೆ ಬರುವುದಿಲ್ಲ?

ಪ್ರಶ್ನೆ: ನಮ್ಮ ಊರಿನ ಗ್ರಂಥಾಲಯಕ್ಕೆ ಒಂದು ವರ್ಡ್‌ಪ್ರೆಸ್ ಸೈಟ್ ಮಾಡಿದ್ದೇನೆ. ತಿಂಗಳ ಬಾಡಿಗೆಯ ಉಬುಂಟು ವಿಪಿಎಸ್ (ಬಾಡಿಗೆ ಸರ್ವರ್), ಅದರ ಮೇಲೆ ಅಪಾಚೆ ಎಂಬ ವೆಬ್ ಸರ್ವರ್. ಡೊಮೇನ್ ಹೆಸರಿನ ಕೊನೆಗೆ '/ವರ್ಡ್‌ಪ್ರೆಸ್' ಸೇರಿಸಿ ಹೊಡೆದರೆ ಸೈಟ್ ಚೆನ್ನಾಗಿ ಬರುತ್ತದೆ, ಒಳಪುಟಗಳೂ ತೆರೆಯುತ್ತವೆ. ಬರೀ ಡೊಮೇನ್ ಹೊಡೆದರೆ ಕೆಂಪು ಪಟ್ಟಿಯ 'ಇಟ್ ವರ್ಕ್ಸ್!' ಪುಟ. ಹೆಸರಿನ ಮೊದಲು ಮೂರು ಡಬ್ಲ್ಯೂ ಹಾಕಿದರೆ ಬ್ರೌಸರ್ 'ಈ ಸಂಪರ್ಕ ಸುರಕ್ಷಿತವಲ್ಲ' ಎಂದು ತಡೆಯುತ್ತದೆ. 000-ಡಿಫಾಲ್ಟ್.ಕಾನ್ಫ್ ಫೈಲಿನಲ್ಲಿ ಡಾಕ್ಯುಮೆಂಟ್‌ರೂಟ್ (ಸೈಟಿನ ಫೈಲುಗಳು ಯಾವ ಫೋಲ್ಡರಿನಲ್ಲಿವೆ ಎಂದು ಹೇಳುವ ಸಾಲು) ಬದಲಿಸಿ ಅಪಾಚೆ ರೀಸ್ಟಾರ್ಟ್ ಮಾಡಿದೆ, ಏನೂ ಬದಲಾಗಲಿಲ್ಲ. ಡೊಮೇನ್ ಕೊಟ್ಟವರು ಡಿಎನ್ಎಸ್ (ಹೆಸರನ್ನು ಸರ್ವರಿನ ಐಪಿ ವಿಳಾಸಕ್ಕೆ ಜೋಡಿಸುವ ವ್ಯವಸ್ಥೆ) ಸರಿಯಿದೆ ಅಂದರು. ಗೆಳೆಯರೊಬ್ಬರು 'ಇಂಡೆಕ್ಸ್ ಪುಟದಲ್ಲಿ ಒಂದು ರೀಡೈರೆಕ್ಟ್ ಹಾಕಿ ಮುಗಿಸಿ' ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ರೀಡೈರೆಕ್ಟ್, ಅಂದರೆ ಬಂದವರನ್ನು ಬೇರೆ ವಿಳಾಸಕ್ಕೆ ಕಳಿಸುವುದು, ಸದ್ಯಕ್ಕೆ ಬೇಡ. ನಿಮ್ಮ ಪತ್ರದಲ್ಲೇ ರೋಗದ ಜಾಗ ಸಿಕ್ಕಿದೆ. ಡಾಕ್ಯುಮೆಂಟ್‌ರೂಟ್ ಬದಲಿಸಿದರೂ ಏನೂ ಆಗಲಿಲ್ಲ ಅಂದಿರಲ್ಲ, ಅದೇ. ನೀವು ತಿದ್ದಿದ ಫೈಲು ಬೇರೆ, ನಿಮ್ಮ ಬ್ರೌಸರಿಗೆ ಉತ್ತರ ಕೊಡುತ್ತಿರುವ ಫೈಲು ಬೇರೆ. ಅದನ್ನು ವಿವರಿಸುವ ಮುಂಚೆ ಒಂದು ಮಾತು. ಇಂಥ ಹೊತ್ತಿನಲ್ಲಿ ಬಹಳ ಜನ ಡಿಎನ್ಎಸ್, ಸರ್ವರ್, ವರ್ಡ್‌ಪ್ರೆಸ್ ಮೂರನ್ನೂ ಒಟ್ಟಿಗೆ ಕೆದಕಲು ಹೋಗುತ್ತಾರೆ. ಬೇಕಿಲ್ಲ. ತಪ್ಪು ಪುಟವೂ ಒಂದು ಉತ್ತರವೇ. ನಿಮ್ಮ ಕೋರಿಕೆ ಎಲ್ಲಿಯವರೆಗೆ ಸರಿಯಾಗಿ ಹೋಗಿದೆ ಎಂದು ಅದು ಹೇಳುತ್ತದೆ.

ನಿಮ್ಮದನ್ನೇ ಓದಿ ನೋಡೋಣ. ಬರೀ ಡೊಮೇನ್ ಹೊಡೆದಾಗ ಅಪಾಚೆಯ ಸ್ವಾಗತ ಪುಟ ಬಂತು, ಅಂದರೆ ಹೆಸರು ನಿಮ್ಮ ಸರ್ವರಿನ ಐಪಿಗೆ ತಲುಪಿದೆ, ಅಪಾಚೆ ಎದ್ದು ಕೂತಿದೆ, ಫೈರ್‌ವಾಲ್ ಬಾಗಿಲು ತೆರೆದಿದೆ. ಡೊಮೇನ್ ಕೊಟ್ಟವರು ಹೇಳಿದ್ದು ನಿಜ. ಮೂರು ಡಬ್ಲ್ಯೂ ಹಾಕಿದಾಗ 'ಸೈಟ್ ಸಿಗಲಿಲ್ಲ' ಎಂದು ಬರಲಿಲ್ಲ, ಸುರಕ್ಷತೆಯ ಎಚ್ಚರಿಕೆ ಬಂತು. ಅಂದರೆ ಆ ಹೆಸರೂ ಒಂದು ಸರ್ವರಿಗೆ, ಬಹುತೇಕ ನಿಮ್ಮದಕ್ಕೇ, ಬರುತ್ತಿದೆ. ಸೈಟಿನ ಗುರುತನ್ನು ಖಾತ್ರಿಪಡಿಸುವ ಸರ್ಟಿಫಿಕೇಟಿನಲ್ಲಿ ಆ ಹೆಸರು ಇಲ್ಲ, ಅಷ್ಟೆ. ಹಾಗಾಗಿ ನಿಮ್ಮ ಮಟ್ಟಿಗೆ ಡಿಎನ್ಎಸ್ ಪುಟವನ್ನು ಮುಚ್ಚಿಡಿ.

ಕೆಳಗಿನ ಕಮಾಂಡು, ಫೈಲ್ ಹೆಸರುಗಳನ್ನೆಲ್ಲ ಓದುವ ಹಾಗೆ ಕನ್ನಡದಲ್ಲಿ ಕೊಟ್ಟಿದ್ದೇನೆ, ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷಿನಲ್ಲೇ ಟೈಪ್ ಮಾಡಿ. ನಿಮ್ಮ ಡೊಮೇನಿನ ಬದಲು ಎಕ್ಸಾಂಪಲ್.ಕಾಮ್ ಎಂದು ಬರೆಯುತ್ತೇನೆ. ಉದಾಹರಣೆಗಳಿಗೆಂದೇ ಕಾದಿರಿಸಿದ ಹೆಸರು ಅದು, ಯಾರಿಗೂ ಮಾರುವುದಿಲ್ಲ.

ಒಂದೇ ಐಪಿ ವಿಳಾಸದಲ್ಲಿ ಎಷ್ಟು ಸೈಟುಗಳಾದರೂ ಇರಬಹುದು. ಒಂದೇ ಹೆಬ್ಬಾಗಿಲಿನ ವಠಾರದಲ್ಲಿ ಹತ್ತು ಮನೆ ಇದ್ದ ಹಾಗೆ. ಬಂದವರು ಯಾರ ಮನೆಗೆ ಎಂದು ಬಾಗಿಲಲ್ಲೇ ಹೇಳಬೇಕು. ಬ್ರೌಸರ್ ಹಾಗೆ ಹೇಳುವುದು ಹೋಸ್ಟ್ ಹೆಡರ್ ಎಂಬ ಸಾಲಿನಲ್ಲಿ. 1997ರಲ್ಲಿ ಬಂದ ಎಚ್‌ಟಿಟಿಪಿ 1.1 ಆ ಸಾಲನ್ನು ಕಡ್ಡಾಯ ಮಾಡಿತು. ಅಪಾಚೆ ಆ ಹೆಸರನ್ನು ಹಿಡಿದು ತನ್ನಲ್ಲಿರುವ ವರ್ಚುವಲ್‌ಹೋಸ್ಟ್‌ಗಳ (ಒಂದೊಂದು ಸೈಟಿನ ಸೆಟ್ಟಿಂಗ್ ಭಾಗಗಳ) ಸರ್ವರ್‌ನೇಮ್, ಸರ್ವರ್‌ಅಲಿಯಾಸ್ ಸಾಲುಗಳಲ್ಲಿ ಹುಡುಕುತ್ತದೆ. ಯಾವುದೂ ಹೊಂದದಿದ್ದರೆ? ಸುಮ್ಮನಿರುವುದಿಲ್ಲ, ತಪ್ಪು ಎಂದೂ ಹೇಳುವುದಿಲ್ಲ. ಮೊದಲು ಓದಿದ ವರ್ಚುವಲ್‌ಹೋಸ್ಟ್‌ಗೆ ಕೊಟ್ಟುಬಿಡುತ್ತದೆ. ಉಬುಂಟುವಿನಲ್ಲಿ ಫೈಲುಗಳನ್ನು ಹೆಸರಿನ ಅನುಕ್ರಮದಲ್ಲಿ ಓದುತ್ತದೆ, ಅದಕ್ಕೇ ಆ ಡಿಫಾಲ್ಟ್ ಫೈಲಿನ ಹೆಸರು ಮೂರು ಸೊನ್ನೆಯಿಂದ ಶುರುವಾಗುವುದು.

ಈಗ ನಿಮ್ಮ ವಿಷಯ. ಸರ್ಟಿಫಿಕೇಟನ್ನು ಸರ್ಟ್‌ಬಾಟ್‌ನಿಂದ (ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ತಂದು ಹಾಕುವ ಸಾಧನ) ಹಾಕಿಸಿಕೊಂಡಿದ್ದೀರಿ ಎಂದು ಊಹಿಸುತ್ತೇನೆ. ಅದು ಅಪಾಚೆಯಲ್ಲಿ ಕೆಲಸ ಮಾಡುವ ಬಗೆ ಗೊತ್ತಿದ್ದರೆ ಈ ಗೋಳೇ ಇರುವುದಿಲ್ಲ. 80ನೇ ಪೋರ್ಟಿನ (ಎಚ್‌ಟಿಟಿಪಿ ಬರುವ ಬಾಗಿಲು) ನಿಮ್ಮ ಫೈಲನ್ನು ಅದು ನಕಲು ಮಾಡಿ, 443ನೇ ಪೋರ್ಟಿಗೆಂದು (ಎಚ್‌ಟಿಟಿಪಿಎಸ್ ಬರುವ ಬಾಗಿಲು) 000-ಡಿಫಾಲ್ಟ್-ಎಲ್ಇ-ಎಸ್ಎಸ್ಎಲ್.ಕಾನ್ಫ್ ಎಂಬ ಇನ್ನೊಂದು ಫೈಲು ಮಾಡುತ್ತದೆ. ಆ ನಕಲಿನಲ್ಲಿ ಅದರದೇ ಡಾಕ್ಯುಮೆಂಟ್‌ರೂಟ್ ಸಾಲು ಇರುತ್ತದೆ, ನಕಲು ಮಾಡಿದ ದಿನ ಏನಿತ್ತೋ ಅದೇ. ಜೊತೆಗೆ 80ರ ಫೈಲಿಗೆ 'ಬಂದವರನ್ನೆಲ್ಲ ಎಚ್‌ಟಿಟಿಪಿಎಸ್‌ಗೆ ಕಳಿಸು' ಎಂಬ ಸಾಲುಗಳನ್ನೂ ಸೇರಿಸುತ್ತದೆ. ಅಲ್ಲಿಂದ ಮುಂದೆ 80ರ ಫೈಲಿನ ಡಾಕ್ಯುಮೆಂಟ್‌ರೂಟನ್ನು ಯಾರೂ ನೋಡುವುದೇ ಇಲ್ಲ. ನೀವು ತಿದ್ದಿದ್ದು ಅದನ್ನು.

ಊಹೆ ಸಾಕು, ಅಪಾಚೆಯನ್ನೇ ಕೇಳಿ. 'ಅಪಾಚೆ2ಸಿಟಿಎಲ್ -ಎಸ್' ಎಂಬ ಕಮಾಂಡು (ಎಸ್ ದೊಡ್ಡಕ್ಷರ) ಯಾವ ಪೋರ್ಟಿನಲ್ಲಿ ಯಾವ ಹೆಸರಿಗೆ ಯಾವ ಫೈಲಿನ ಎಷ್ಟನೇ ಸಾಲು ಉತ್ತರ ಕೊಡುತ್ತದೆ ಎಂದು ಪಟ್ಟಿ ಕೊಡುತ್ತದೆ. ವೆಬ್ ಸರ್ವರ್ ಬಗ್ಗೆ ಒಂದೇ ಒಂದು ಕಮಾಂಡು ನೆನಪಿಟ್ಟುಕೊಳ್ಳುವುದಾದರೆ ನಾನು ಇದನ್ನೇ ಹೇಳುತ್ತೇನೆ. 443ರ ಕೆಳಗೆ ಕಾಣುವ ಫೈಲೇ ನೀವು ತಿದ್ದಬೇಕಾದದ್ದು.

ಆದರೆ ತಕ್ಷಣ ತಿದ್ದಬೇಡಿ. ಡಾಕ್ಯುಮೆಂಟ್‌ರೂಟ್ ಒಂದನ್ನೇ ವರ್ಡ್‌ಪ್ರೆಸ್ ಫೋಲ್ಡರಿಗೆ ತಿರುಗಿಸಿದರೆ ಸರ್ವರ್ ಸರಿಯಾಗುತ್ತದೆ, ಸೈಟ್ ಕೆಡುತ್ತದೆ. ಕಾರಣ, ತಾನು ಯಾವ ವಿಳಾಸದಲ್ಲಿದ್ದೇನೆ ಎಂಬುದನ್ನು ವರ್ಡ್‌ಪ್ರೆಸ್ ತನ್ನ ಡೇಟಾಬೇಸಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಆಪ್ಷನ್ಸ್ ಟೇಬಲ್ಲಿನಲ್ಲಿ 'ಸೈಟ್‌ಯುಆರ್‌ಎಲ್', 'ಹೋಮ್' ಎಂದು ಎರಡು ಸಾಲು. ಎರಡರಲ್ಲೂ ಈಗ '/ವರ್ಡ್‌ಪ್ರೆಸ್' ಇದೆ. ನೀವು ಬಾಗಿಲು ಬದಲಿಸಿದ ಮೇಲೂ ಅದು ಚಿತ್ರ, ಸ್ಟೈಲ್‌ಶೀಟ್, ಲಾಗಿನ್ ಎಲ್ಲಕ್ಕೂ ಹಳೇ ವಿಳಾಸವನ್ನೇ ಕೊಡುತ್ತಿರುತ್ತದೆ. ಅಡ್ಮಿನ್ ಪುಟಕ್ಕೆ ಹೋಗಿ ಸರಿಮಾಡೋಣ ಅಂದರೆ ಅಡ್ಮಿನ್ ಪುಟವೇ ಹಳೇ ವಿಳಾಸಕ್ಕೆ ಎಳೆದುಕೊಂಡು ಹೋಗುತ್ತದೆ. ಈ ಹಂತದಲ್ಲಿ ಗಾಬರಿಯಾಗಿ ವರ್ಡ್‌ಪ್ರೆಸ್ಸನ್ನೇ ಅಳಿಸಿ ಮತ್ತೆ ಹಾಕಿದವರು ಇದ್ದಾರೆ.

ಪೋಸ್ಟುಗಳ ಒಳಗೂ ಹಳೇ ವಿಳಾಸ ಇರುತ್ತದೆ. ಸೇರಿಸಿದ ಪ್ರತಿ ಚಿತ್ರದ ಪೂರ್ತಿ ವಿಳಾಸ ಬರಹದೊಳಗೇ ಕೂತಿರುತ್ತದೆ. ಅದನ್ನು ಡೇಟಾಬೇಸ್ ತಿದ್ದುವ ಪಿಎಚ್‌ಪಿಮೈಅಡ್ಮಿನ್‌ಗೆ ಹೋಗಿ ಎಸ್‌ಕ್ಯುಎಲ್ ರಿಪ್ಲೇಸ್‌ನಿಂದ ಬದಲಿಸಿ ಎಂದು ಸಲಹೆ ಕೊಡುವವರು ಹೇರಳ. ಬೇಡ. ಥೀಮು, ಪ್ಲಗಿನ್ನುಗಳ ಸೆಟ್ಟಿಂಗನ್ನು ವರ್ಡ್‌ಪ್ರೆಸ್ ಇಡುವುದು ಪಿಎಚ್‌ಪಿಯ ಸೀರಿಯಲೈಸ್ ರೂಪದಲ್ಲಿ. ಅಲ್ಲಿ ಪ್ರತಿ ಪದಗುಚ್ಛದ ಮುಂದೆ ಅದರ ಉದ್ದವೂ ಬರೆದಿರುತ್ತದೆ. ಎಚ್‌ಟಿಟಿಪಿಎಸ್ ಸಮೇತ ಎಕ್ಸಾಂಪಲ್.ಕಾಮ್/ವರ್ಡ್‌ಪ್ರೆಸ್ ಎಂಬುದು ಇಂಗ್ಲಿಷಿನಲ್ಲಿ 29 ಅಕ್ಷರ, '/ವರ್ಡ್‌ಪ್ರೆಸ್' ತೆಗೆದರೆ 19. ಎಸ್‌ಕ್ಯುಎಲ್ ಪಠ್ಯವನ್ನು ಬದಲಿಸುತ್ತದೆ, 29 ಎಂಬ ಸಂಖ್ಯೆಯನ್ನು ಹಾಗೇ ಬಿಡುತ್ತದೆ. ಮುಂದಿನ ಸಲ ಪಿಎಚ್‌ಪಿ ಓದಿ ಲೆಕ್ಕ ತಾಳೆಯಾಗದೆ ಇಡೀ ಸೆಟ್ಟಿಂಗನ್ನೇ ಎಸೆಯುತ್ತದೆ. ಸೈಟ್ ಬರುತ್ತದೆ, ಆದರೆ ವಿಜೆಟ್ಟುಗಳು ಮಾಯ.

ಇದಕ್ಕೆಂದೇ ಡಬ್ಲ್ಯೂಪಿ-ಸಿಎಲ್ಐ ಎಂಬ ಸಾಧನ ಇದೆ. ವರ್ಡ್‌ಪ್ರೆಸ್ ಫೋಲ್ಡರಿಗೆ ಹೋಗಿ ಮೊದಲು 'ಡಬ್ಲ್ಯೂಪಿ ಡಿಬಿ ಎಕ್ಸ್‌ಪೋರ್ಟ್' ಕೊಟ್ಟು ಡೇಟಾಬೇಸಿನ ಪ್ರತಿ ತೆಗೆಯಿರಿ. ಜಾಗ ಹೇಳದಿದ್ದರೆ ಆ ಪ್ರತಿ ಅದೇ ಫೋಲ್ಡರಿನಲ್ಲಿ ಬಂದು ಕೂರುತ್ತದೆ. ಅದು ಜಗತ್ತಿಗೆ ತೆರೆದ ಫೋಲ್ಡರು, ನಿಮ್ಮ ಓದುಗ ಸದಸ್ಯರ ಇಮೇಲುಗಳೆಲ್ಲ ಯಾರು ಬೇಕಾದರೂ ಇಳಿಸಿಕೊಳ್ಳುವಂತಾಗುತ್ತದೆ. ಆದ್ದರಿಂದ ನಿಮ್ಮ ಹೋಮ್ ಫೋಲ್ಡರಿನ ದಾರಿ ಕೊಡಿ. ಆಮೇಲೆ 'ಡಬ್ಲ್ಯೂಪಿ ಸರ್ಚ್-ರಿಪ್ಲೇಸ್', ಮುಂದೆ ಹಳೇ ವಿಳಾಸ, ಹೊಸ ವಿಳಾಸ, '--ಸ್ಕಿಪ್-ಕಾಲಮ್ಸ್=ಜಿಯುಐಡಿ', ಕೊನೆಗೆ '--ಡ್ರೈ-ರನ್'. ಕೊನೆಯದು ಇದ್ದಾಗ ಏನೂ ಬದಲಾಗುವುದಿಲ್ಲ, ಎಲ್ಲೆಲ್ಲಿ ಎಷ್ಟು ಬದಲಾಗಬಹುದು ಎಂದು ತೋರಿಸುತ್ತದೆ. ಒಪ್ಪಿಗೆಯಾದರೆ ಅದನ್ನು ತೆಗೆದು ಮತ್ತೆ ಹೊಡೆಯಿರಿ. ಉದ್ದದ ಲೆಕ್ಕವನ್ನೂ ಅದೇ ಸರಿಮಾಡುತ್ತದೆ. ಹೋಮ್, ಸೈಟ್‌ಯುಆರ್‌ಎಲ್ ಎರಡೂ ಇದರಲ್ಲೇ ಬದಲಾಗುತ್ತವೆ. ಜಿಯುಐಡಿ ಕಾಲಮ್ಮನ್ನು ಬಿಡುವುದು ಯಾಕೆಂದರೆ ಅದು ಲೇಖನದ ಗುರುತು, ವಿಳಾಸವಲ್ಲ. ಬದಲಿಸಿದರೆ ಫೀಡ್ ಓದುವವರಿಗೆ ಹಳೇ ಬರಹಗಳೆಲ್ಲ ಹೊಸದಾಗಿ ಕಾಣುತ್ತವೆ. ಸೈಟ್ ಶುರುವಾದಾಗ ಎಚ್‌ಟಿಟಿಪಿಎಸ್ ಇರಲಿಲ್ಲವಾದರೆ ಹಳೇ ಎಚ್‌ಟಿಟಿಪಿ ವಿಳಾಸಕ್ಕೂ ಇದನ್ನೇ ಇನ್ನೊಮ್ಮೆ ಮಾಡಿ.

ಈಗ ಸರ್ವರಿಗೆ ಬನ್ನಿ. 80ರ ಫೈಲು, 443ರ ಫೈಲು ಎರಡರಲ್ಲೂ ಡಾಕ್ಯುಮೆಂಟ್‌ರೂಟನ್ನು ವರ್ಡ್‌ಪ್ರೆಸ್ ಇರುವ ಫೋಲ್ಡರಿಗೆ ತಿರುಗಿಸಿ. ಎರಡರಲ್ಲೂ ಸರ್ವರ್‌ನೇಮ್ ಎಕ್ಸಾಂಪಲ್.ಕಾಮ್ ಇರಲಿ, ಸರ್ವರ್‌ಅಲಿಯಾಸ್ ಸಾಲಿನಲ್ಲಿ ಮೂರು ಡಬ್ಲ್ಯೂ ಇರುವ ಹೆಸರು. ಕೈಯಲ್ಲಿ ಸಮಯವಿದ್ದರೆ ಡಿಫಾಲ್ಟ್ ಫೈಲನ್ನು ಅದರ ಪಾಡಿಗೆ ಬಿಟ್ಟು, ಸೈಟಿನ ಹೆಸರಿನಲ್ಲೇ ಬೇರೆ ಫೈಲು ಮಾಡಿ 'ಎ2ಎನ್‌ಸೈಟ್' ಕಮಾಂಡಿನಿಂದ ಚಾಲೂ ಮಾಡುವುದು ಇನ್ನೂ ಚೊಕ್ಕಟ. ನಾಳೆ ಇದೇ ಸರ್ವರಿನಲ್ಲಿ ಎರಡನೇ ಸೈಟ್ ಹಾಕುವಾಗ ಗೊಂದಲ ಇರುವುದಿಲ್ಲ. 'ಅಪಾಚೆ2ಸಿಟಿಎಲ್ ಕಾನ್ಫಿಗ್‌ಟೆಸ್ಟ್' ಕೊಟ್ಟು 'ಸಿಂಟ್ಯಾಕ್ಸ್ ಓಕೆ' ಬಂದ ಮೇಲಷ್ಟೇ ರೀಲೋಡ್ ಮಾಡಿ. ರೀಸ್ಟಾರ್ಟ್ ಬೇಕಿಲ್ಲ, ರೀಲೋಡ್ ಸಾಕು.

ಮುಖಪುಟ ಬಂತು, ಆದರೆ ಒಳಪುಟಗಳು ಕೈಕೊಟ್ಟವು ಅನ್ನುವುದು ಮುಂದಿನ ದೂರು. ವರ್ಡ್‌ಪ್ರೆಸ್ ಫೋಲ್ಡರಿನ ಎಚ್‌ಟಿಆಕ್ಸೆಸ್ ಫೈಲಿನಲ್ಲಿ (ಆ ಫೋಲ್ಡರಿಗೆಂದೇ ಅಪಾಚೆ ಓದುವ ನಿಯಮಗಳು) ರೀರೈಟ್‌ಬೇಸ್ ಎಂಬ ಸಾಲು ಇನ್ನೂ '/ವರ್ಡ್‌ಪ್ರೆಸ್/' ಎಂದೇ ಇರುತ್ತದೆ. ಕೈಯಿಂದ ತಿದ್ದುವ ಅಗತ್ಯವಿಲ್ಲ. ಅಡ್ಮಿನ್‌ನಲ್ಲಿ ಸೆಟ್ಟಿಂಗ್ಸ್, ಪರ್ಮಾಲಿಂಕ್ಸ್ ಪುಟಕ್ಕೆ ಹೋಗಿ ಏನನ್ನೂ ಬದಲಿಸದೆ 'ಸೇವ್' ಒತ್ತಿ, ವರ್ಡ್‌ಪ್ರೆಸ್ ತಾನೇ ಹೊಸದಾಗಿ ಬರೆದುಕೊಳ್ಳುತ್ತದೆ. ಆ ಫೈಲಿಗೆ ಬರೆಯಲು ಅಪಾಚೆಗೆ ಅನುಮತಿ ಇಲ್ಲದಿದ್ದರೆ ಬರೆಯಬೇಕಾದ ಸಾಲುಗಳನ್ನು ಅಲ್ಲೇ ತೋರಿಸುತ್ತದೆ. ಹೊಸ ಸರ್ವರಿನಲ್ಲಿ ಇದೇ ಲಕ್ಷಣ ಕಂಡವರು ಇನ್ನೊಂದು ಕಾರಣವನ್ನೂ ನೋಡಬೇಕು. ಉಬುಂಟುವಿನ ಮೂಲ ಸಂರಚನೆಯಲ್ಲಿ ಅಲೋಓವರ್‌ರೈಡ್ 'ನನ್' ಎಂದಿರುತ್ತದೆ, ಅಂದರೆ ಅಪಾಚೆ ಎಚ್‌ಟಿಆಕ್ಸೆಸ್ ಫೈಲನ್ನು ತೆರೆದೇ ನೋಡುವುದಿಲ್ಲ. ನಿಮ್ಮ ಒಳಪುಟಗಳು ಈಗಾಗಲೇ ತೆರೆಯುತ್ತಿರುವುದರಿಂದ ಅದನ್ನು ಯಾರೋ ಸರಿಮಾಡಿದ್ದಾರೆ.

ಎಲ್ಲ ಸರಿಯಾದ ಮೇಲೆ 443ರ ಫೈಲಿನಲ್ಲಿ ಒಂದು ಸಾಲು ಸೇರಿಸಿ: ರೀಡೈರೆಕ್ಟ್ ಪರ್ಮನೆಂಟ್, '/ವರ್ಡ್‌ಪ್ರೆಸ್/' ಇಂದ ಬರೀ ಡೊಮೇನಿಗೆ. ಇಷ್ಟು ದಿನ ನೀವು ವಾಟ್ಸ್ಯಾಪ್‌ನಲ್ಲಿ ಹಂಚಿದ ಕೊಂಡಿಗಳು, ಗೂಗಲ್ ಹೆಕ್ಕಿಟ್ಟುಕೊಂಡ ಪುಟಗಳು ಎಲ್ಲವೂ ಹಳೇ ವಿಳಾಸದವು. ಗೆಳೆಯರು ಹೇಳಿದ ರೀಡೈರೆಕ್ಟ್ ಬೇಕಾದದ್ದೇ, ದಿಕ್ಕು ಮಾತ್ರ ತಿರುವುಮುರುವು. ಅವರು ಹೇಳಿದ ಹಾಗೆ ಬರೀ ಡೊಮೇನಿನಿಂದ ಒಳಫೋಲ್ಡರಿಗೆ ಕಳಿಸಿದರೂ ಸೈಟ್ ಕಾಣುತ್ತಿತ್ತು ಎನ್ನಿ, ಆದರೆ ವಿಳಾಸ ಪಟ್ಟಿಯಲ್ಲಿ ಆ ಬಾಲ ಎಂದೆಂದಿಗೂ ಉಳಿಯುತ್ತಿತ್ತು.

ಪರ್ಮನೆಂಟ್ ರೀಡೈರೆಕ್ಟ್, ಅಂದರೆ 301, ಬ್ರೌಸರಿನ ನೆನಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ತಪ್ಪು ದಿಕ್ಕಿಗೆ ಹಾಕಿ ಒಮ್ಮೆ ತೆರೆದು ನೋಡಿದರೆ, ಸರ್ವರಿನಲ್ಲಿ ತಿದ್ದಿದ ಮೇಲೂ ಅದೇ ಬ್ರೌಸರಿನಲ್ಲಿ ಹಳೇ ದಾರಿಯೇ ಹಿಡಿಯುತ್ತದೆ. ಪರೀಕ್ಷೆ ಮುಗಿಯುವವರೆಗೆ 302, ಅಂದರೆ ತಾತ್ಕಾಲಿಕ ರೀಡೈರೆಕ್ಟ್, ಬಳಸಿ. ಬ್ರೌಸರನ್ನು ನಂಬುವ ಬದಲು 'ಕರ್ಲ್ -ಐ' (ಐ ದೊಡ್ಡಕ್ಷರ) ಕೊಟ್ಟು ನೋಡಿ. ಅದಕ್ಕೆ ನೆನಪಿನ ಕಾಟ ಇಲ್ಲ. ಸರ್ವರ್ ಈ ಕ್ಷಣ ಏನು ಹೇಳುತ್ತಿದೆಯೋ ಅದನ್ನೇ ತೋರಿಸುತ್ತದೆ, 'ಲೊಕೇಷನ್' ಸಾಲಿನಲ್ಲಿ ಎಲ್ಲಿಗೆ ಕಳಿಸುತ್ತಿದೆ ಎಂಬುದೂ ಇರುತ್ತದೆ.

ಇನ್ನು ಮೂರು ಡಬ್ಲ್ಯೂ. 'ಮೂರು ಡಬ್ಲ್ಯೂಗೆ ಬಂದವರನ್ನು ಬರೀ ಹೆಸರಿಗೆ ಕಳಿಸಿಬಿಟ್ಟರೆ ಸರ್ಟಿಫಿಕೇಟ್ ಯಾಕೆ ಬೇಕು' ಎಂದು ಕೇಳುವವರಿದ್ದಾರೆ. ಕಳಿಸುವುದಕ್ಕೂ ಮೊದಲು ಮಾತು ಶುರುವಾಗಬೇಕಲ್ಲ; ಎಚ್‌ಟಿಟಿಪಿಎಸ್‌ನಲ್ಲಿ ಮೊದಲು ನಡೆಯುವುದೇ ಸರ್ಟಿಫಿಕೇಟ್ ತಪಾಸಣೆ, ರೀಡೈರೆಕ್ಟ್ ಬರುವುದು ಆಮೇಲೆ. ಹಾಗಾಗಿ ಎರಡೂ ಹೆಸರು ಸರ್ಟಿಫಿಕೇಟಿನಲ್ಲಿ ಇರಲೇಬೇಕು. ಸರ್ಟ್‌ಬಾಟ್‌ಗೆ '--ಅಪಾಚೆ' ಜೊತೆ '-ಡಿ' ಎರಡು ಸಲ ಕೊಟ್ಟು ಎರಡೂ ಹೆಸರು ಬರೆಯಿರಿ, '--ಎಕ್ಸ್‌ಪಾಂಡ್' ಸೇರಿಸಿ. ಎಲ್ಲ ಉಪಡೊಮೇನಿಗೂ ಆಗುವ ನಕ್ಷತ್ರದ ಸರ್ಟಿಫಿಕೇಟ್ ಕೊಂಡವರಿಗೂ ಒಂದು ಗುಂಡಿ ಕಾದಿರುತ್ತದೆ: ನಕ್ಷತ್ರ ಚುಕ್ಕೆ ಎಕ್ಸಾಂಪಲ್.ಕಾಮ್ ಎಂಬುದರಲ್ಲಿ ಬರೀ ಎಕ್ಸಾಂಪಲ್.ಕಾಮ್ ಸೇರುವುದಿಲ್ಲ, ಅದನ್ನು ಬೇರೆಯಾಗಿ ಕೇಳಿ ಹಾಕಿಸಬೇಕು.

ಎರಡರಲ್ಲಿ ಯಾವುದನ್ನು ಮುಖ್ಯ ಮಾಡಿಕೊಳ್ಳಬೇಕು? ಗ್ರಂಥಾಲಯದಂಥ ಚಿಕ್ಕ ಸೈಟಿಗೆ ಬರೀ ಹೆಸರೇ ಚಂದ. ಬೋರ್ಡಿನ ಮೇಲೆ ಬರೆಸಲೂ ಸುಲಭ. ಯಾವುದಾದರೂ ಆಗಲಿ, ಸರ್ವರೂ ವರ್ಡ್‌ಪ್ರೆಸ್ಸೂ ಒಂದೇ ಮಾತು ಹೇಳಬೇಕು. ಸರ್ವರ್ ಮೂರು ಡಬ್ಲ್ಯೂ ಕಿತ್ತು ಕಳಿಸುವುದು, ವರ್ಡ್‌ಪ್ರೆಸ್ ಹೋಮ್ ಸಾಲಿನಲ್ಲಿ ಅದು ಇದೆ ಎಂದು ಮತ್ತೆ ಹಚ್ಚಿ ಕಳಿಸುವುದು, ಹೀಗಾದರೆ ಬ್ರೌಸರ್ ಸಾಕಾಗಿ 'ತುಂಬ ರೀಡೈರೆಕ್ಟ್' ಎಂದು ಕೈಚೆಲ್ಲುತ್ತದೆ.

ನಿಮ್ಮ ಹಾಗೆ ವಿಪಿಎಸ್ ಇಲ್ಲದೆ ಸಿಪ್ಯಾನೆಲ್‌ನ ಶೇರ್ಡ್ ಹೋಸ್ಟಿಂಗ್‌ನಲ್ಲಿ ಇರುವವರಿಗೆ ಮುಖ್ಯ ಡೊಮೇನಿನ ಡಾಕ್ಯುಮೆಂಟ್‌ರೂಟ್ ಸಾಮಾನ್ಯವಾಗಿ ಪಬ್ಲಿಕ್_ಎಚ್‌ಟಿಎಂಎಲ್ ಫೋಲ್ಡರಿಗೇ ಕಟ್ಟಿರುತ್ತದೆ. ಅವರು ವರ್ಡ್‌ಪ್ರೆಸ್ಸನ್ನು ಒಳಫೋಲ್ಡರಿನಲ್ಲೇ ಬಿಟ್ಟು, ಜನರಲ್ ಸೆಟ್ಟಿಂಗ್ಸ್‌ನಲ್ಲಿ 'ಸೈಟ್ ಅಡ್ರೆಸ್' ಒಂದರಿಂದ ಮಾತ್ರ ಬಾಲ ಕಿತ್ತು, ಇಂಡೆಕ್ಸ್.ಪಿಎಚ್‌ಪಿ ಹಾಗೂ ಎಚ್‌ಟಿಆಕ್ಸೆಸ್ ಫೈಲುಗಳ ಪ್ರತಿಯನ್ನು ಹೊರಗೆ ತಂದು, ಇಂಡೆಕ್ಸ್.ಪಿಎಚ್‌ಪಿಯ ಕೊನೆಯ ಸಾಲಿನಲ್ಲಿ ದಾರಿಗೆ '/ವರ್ಡ್‌ಪ್ರೆಸ್' ಸೇರಿಸಬೇಕು. ಆಮೇಲೆ ಪರ್ಮಾಲಿಂಕ್ಸ್ ಸೇವ್. ಅಷ್ಟು ಮಾಡಿದರೂ ಹಳೇ ಪುಟವೇ ಬಂದರೆ ಅಲ್ಲೊಂದು ಇಂಡೆಕ್ಸ್.ಎಚ್‌ಟಿಎಂಎಲ್ ಉಳಿದಿದೆ ಎಂದರ್ಥ. ಅಪಾಚೆಯ ಡೈರೆಕ್ಟರಿಇಂಡೆಕ್ಸ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಎಚ್‌ಟಿಎಂಎಲ್ ಮುಂದೆ, ಪಿಎಚ್‌ಪಿ ಹಿಂದೆ. ನೀವು ನೋಡಿದ 'ಇಟ್ ವರ್ಕ್ಸ್!' ಪುಟವೂ ಅಂಥದೇ ಒಂದು ಇಂಡೆಕ್ಸ್.ಎಚ್‌ಟಿಎಂಎಲ್.

ಅಪಾಚೆಯ ಬದಲು ಎಂಜಿನ್‌ಎಕ್ಸ್ ಬಳಸುವವರಿಗೆ ಹೆಚ್ಚು ಹೇಳಬೇಕಿಲ್ಲ, ಲೆಕ್ಕ ಅದೇ. ವರ್ಚುವಲ್‌ಹೋಸ್ಟ್ ಬದಲು ಸರ್ವರ್ ಬ್ಲಾಕ್, ಡಾಕ್ಯುಮೆಂಟ್‌ರೂಟ್ ಬದಲು ರೂಟ್. ಡಿಫಾಲ್ಟ್_ಸರ್ವರ್ ಎಂದು ಬರೆದ ಬ್ಲಾಕೇ ಹೊಂದದ ಹೆಸರುಗಳನ್ನೆಲ್ಲ ಹಿಡಿಯುತ್ತದೆ. ಎಲ್ಲೂ ಬರೆಯದಿದ್ದರೆ ಆ ಪೋರ್ಟಿನ ಮೊದಲ ಬ್ಲಾಕು. 'ಎಂಜಿನ್‌ಎಕ್ಸ್ -ಟಿ' ಎಂದು ಚಿಕ್ಕ ಟಿ ಹೊಡೆದರೆ ತಪ್ಪು ಹುಡುಕುತ್ತದೆ, ದೊಡ್ಡ ಟಿ ಹೊಡೆದರೆ ಓದಿದ ಸಂರಚನೆಯನ್ನೆಲ್ಲ ಕಕ್ಕುತ್ತದೆ. ಎಚ್‌ಟಿಆಕ್ಸೆಸ್ ಅದಕ್ಕೆ ಗೊತ್ತೇ ಇಲ್ಲ, ಒಳಪುಟಗಳಿಗೆ ಟ್ರೈ_ಫೈಲ್ಸ್ ಸಾಲು ಬೇಕು.

ಪುಟದ ಬದಲು 403 ಕಂಡರೆ, ಹೆಸರೂ ಫೋಲ್ಡರೂ ಸಿಕ್ಕಿವೆ, ಒಳಗೆ ಹೋಗಲು ಅನುಮತಿ ಇಲ್ಲ, ಇಲ್ಲವೇ ಅಲ್ಲಿ ಇಂಡೆಕ್ಸ್ ಫೈಲಿಲ್ಲ. ಸೈಟನ್ನು ಹೋಮ್ ಫೋಲ್ಡರಿನಲ್ಲಿ ಇಟ್ಟವರಿಗೆ ಇದು ಹೆಚ್ಚು, ಏಕೆಂದರೆ ಉಬುಂಟು 21.04ರಿಂದ ಹೋಮ್ ಫೋಲ್ಡರುಗಳನ್ನು 750 ಅನುಮತಿಯಲ್ಲೇ ಸೃಷ್ಟಿಸುತ್ತದೆ, ಅಪಾಚೆಗೆ ಒಳಗೆ ಕಾಲಿಡಲಾಗುವುದಿಲ್ಲ. 'ನೇಮ್‌ಐ -ಎಲ್' ಕಮಾಂಡಿಗೆ ಪೂರ್ತಿ ದಾರಿ ಕೊಟ್ಟರೆ ಯಾವ ಹೊಸ್ತಿಲಲ್ಲಿ ತಡೆ ಎಂದು ಕಾಣುತ್ತದೆ. 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಟ್ಟು ಬಿಡಿ ಎನ್ನುವವರ ಮಾತು ಕೇಳಬೇಡಿ.

ಡಿಎನ್ಎಸ್ಸೇ ತೊಡಕಾಗಿರುವ ಓದುಗರಿಗೆ ಎರಡು ಮಾತು. ಬರೀ ಡೊಮೇನಿಗೆ, ಅಂದರೆ ಪ್ಯಾನೆಲ್ಲಿನಲ್ಲಿ '@' ಎಂದು ತೋರಿಸುವ ಸಾಲಿಗೆ, ಸಿನೇಮ್ (ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತೋರಿಸುವ ದಾಖಲೆ) ಹಾಕಲು ಹೋಗಿ ಆಗದೆ ಪೇಚಾಡುವವರು ಬಹಳ. 1987ರ ಡಿಎನ್ಎಸ್ ನಿಯಮದಲ್ಲೇ ಇದೆ, ಸಿನೇಮ್ ಇರುವ ಹೆಸರಿಗೆ ಬೇರೆ ಯಾವ ದಾಖಲೆಯೂ ಇರಬಾರದು. ಬರೀ ಡೊಮೇನಿಗೆ ಎಸ್ಒಎ, ಎನ್ಎಸ್ ದಾಖಲೆಗಳು ಇರಲೇಬೇಕು, ಆದ್ದರಿಂದ ಅಲ್ಲಿ ಸಿನೇಮ್‌ಗೆ ಜಾಗವಿಲ್ಲ. ಎ ದಾಖಲೆ ಹಾಕಿ ಐಪಿ ಕೊಡಿ. ಗಿಟ್‌ಹಬ್ ಪೇಜಸ್ ಬಳಸುವವರಾದರೆ 185.199.108.153ರಿಂದ 185.199.111.153ರವರೆಗೆ ನಾಲ್ಕು ಎ ದಾಖಲೆ. ಕೆಲವು ಡಿಎನ್ಎಸ್ ಸೇವೆಗಳು ಅಲಿಯಾಸ್ ಎಂಬ ಸಾಲು ಕೊಡುತ್ತವೆ, ಒಳಗೊಳಗೇ ಐಪಿ ಹುಡುಕಿ ಎ ದಾಖಲೆಯಾಗಿ ಉತ್ತರಿಸುವ ಉಪಾಯ ಅದು.

ಎರಡನೆಯದು, ಮೊಬೈಲಿನಲ್ಲಿ ಒಂದು ಪುಟ, ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಇನ್ನೊಂದು ಪುಟ ಬರುವ ವಿಚಿತ್ರ. ಎಎಎಎ ದಾಖಲೆ ನೋಡಿ. ಅದು ಐಪಿವಿ6 ವಿಳಾಸ. ಹಳೇ ಹೋಸ್ಟಿಂಗಿನ ಎಎಎಎ ಸಾಲು ಅಳಿಸದೆ ಬರೀ ಎ ಸಾಲನ್ನು ಹೊಸ ಸರ್ವರಿಗೆ ತಿರುಗಿಸಿದ್ದರೆ, ಜಿಯೋದಂಥ ಐಪಿವಿ6 ಜಾಲದಿಂದ ಬರುವವರು ಹಳೇ ಮನೆಗೇ ಹೋಗುತ್ತಾರೆ.

.ಭಾರತ ಡೊಮೇನಿನಲ್ಲಿ ಕನ್ನಡ ಹೆಸರನ್ನೇ ಕೊಂಡವರು ಸರ್ವರ್‌ನೇಮ್ ಸಾಲಿನಲ್ಲಿ ಕನ್ನಡ ಅಕ್ಷರ ಬರೆದರೆ ಹೊಂದುವುದಿಲ್ಲ. ಬ್ರೌಸರ್ ಸರ್ವರಿಗೆ ಕಳಿಸುವುದು ಪ್ಯೂನಿಕೋಡ್ ರೂಪ, ಎಕ್ಸ್ಎನ್ ಹಾಗೂ ಎರಡು ಅಡ್ಡಗೆರೆಯಿಂದ ಶುರುವಾಗುವುದು. ಫೈಲಿನಲ್ಲೂ ಸರ್ಟಿಫಿಕೇಟ್ ಕೇಳುವಾಗಲೂ ಅದನ್ನೇ ಬರೆಯಬೇಕು. 'ಕರ್ಲ್ -ವಿ' ಕೊಟ್ಟರೆ ಹೋಸ್ಟ್ ಸಾಲಿನಲ್ಲಿ ಆ ರೂಪ ಕಾಣುತ್ತದೆ.

ನಿಮ್ಮ ಕೆಲಸ ಮುಗಿದ ಮೇಲೆ ನಾಲ್ಕು ವಿಳಾಸಕ್ಕೂ ಕರ್ಲ್ ಹೊಡೆದು ನೋಡಿ: ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಮೂರು ಡಬ್ಲ್ಯೂ ಸಹಿತ, ರಹಿತ. ಮೂರು 301 ಕೊಟ್ಟು ನಾಲ್ಕನೆಯದು 200 (ಪುಟ ಸಿಕ್ಕಿತು ಎಂಬ ಉತ್ತರ) ಕೊಡಬೇಕು. ಆಮೇಲೆ 'ಸರ್ಟ್‌ಬಾಟ್ ರಿನ್ಯೂ --ಡ್ರೈ-ರನ್' ಒಮ್ಮೆ ಓಡಿಸಿ. ಲೆಟ್ಸ್ ಎನ್‌ಕ್ರಿಪ್ಟ್‌ನ ಮಾಮೂಲಿ ಸರ್ಟಿಫಿಕೇಟಿಗೆ 90 ದಿನದ ಆಯುಸ್ಸು. ರೀಡೈರೆಕ್ಟ್ ಸಾಲುಗಳನ್ನು ಬದಲಿಸಿದ ಮೇಲೂ ನವೀಕರಣದ ತಪಾಸಣೆ 80ನೇ ಪೋರ್ಟಿನಿಂದ ಒಳಗೆ ಬರುತ್ತದೆಯೇ ಎಂಬುದು ಇವತ್ತೇ ಗೊತ್ತಾಗಲಿ.